ಗೋಡೆ ಸಾಲಿನ ಟೀಚರ್

ಜೆರಾಕ್ಸ್ ಯಂತ್ರದಿಂದ ಆಗಷ್ಟೇ ಹೊರಬಿದ್ದ ಹಾಳೆಗೆ ಒಂದು ವಾಸನೆ ಇರುತ್ತದೆ, ಸ್ವಲ್ಪ ಸುಟ್ಟ ಹಾಗೆ, ಸ್ವಲ್ಪ ಮಸಿಯ ಹಾಗೆ. ಕಳೆದ ತಿಂಗಳು ಮೈಸೂರಿನ ನಮ್ಮ ಬಡಾವಣೆಯ ಅಂಗಡಿಯಲ್ಲಿ ಅದು ಮೂಗಿಗೆ ಹೊಡೆಯಿತು. ನನ್ನ ಮುಂದೆ ಬಿ.ಎಡ್. ಓದುವ ಇಬ್ಬರು ಹುಡುಗಿಯರು ನಿಂತಿದ್ದರು. ಒಬ್ಬಳು, "ಅಣ್ಣಾ, ಕ್ರಿಯಾ ಸಂಶೋಧನೆ ಇದೆಯಾ? ಗಣಿತದ್ದು" ಎಂದು ಕೇಳಿದಳು. ಅಂಗಡಿಯವನು ತಲೆಯನ್ನೂ ಎತ್ತಲಿಲ್ಲ. "ಇದೆ. ನಿಮ್ಮ ಹೆಸರು, ಶಾಲೆ ಹೆಸರು ಹೇಳಿ, ಹಾಕಿಕೊಡ್ತೀನಿ." ಯಂತ್ರ ಗರ್ರೆಂದಿತು. ಬಿಸಿ ಹಾಳೆಗಳು ಒಂದರ ಮೇಲೊಂದು ಬಿದ್ದವು. ಅಷ್ಟೇ, ಸಂಶೋಧನೆ ಮುಗಿಯಿತು. ಅದರಲ್ಲಿ ಒಂದು ಮಗುವೂ ಇರಲಿಲ್ಲ, ಒಂದು ತರಗತಿಯೂ ಇರಲಿಲ್ಲ.

ನಾನು ಬಂದ ಕೆಲಸ ಬಿಟ್ಟು ಮನೆಗೆ ನಡೆದೆ. ಆ ಹುಡುಗಿಯರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಯಾರೋ ಅದನ್ನು ಹೀಗೇ ಕಲಿಸಿರುತ್ತಾರೆ. ಆದರೆ ಆ ಕೆಲಸವನ್ನು ನಿಜವಾಗಿ ಮಾಡಿದ ಒಬ್ಬರನ್ನು ನಾನು ನೋಡಿದ್ದೇನೆ. ಮಾಡಿದ್ದಕ್ಕೆ ಅವರನ್ನು ಏನು ಮಾಡಿದರು ಎನ್ನುವುದನ್ನೂ ನೋಡಿದ್ದೇನೆ...

ತೊಂಬತ್ತರ ದಶಕದ ಕೊನೆಯ ಮಾತು. ತಮಿಳುನಾಡಿನ ತೇನಿ ಆಗತಾನೇ ಬೇರೆ ಜಿಲ್ಲೆಯಾಗಿತ್ತು. ಕಂಬಂನಿಂದ ಗೂಡಲೂರಿಗೆ ಹೋಗುವ ದಾರಿಯಲ್ಲಿ, ದ್ರಾಕ್ಷಿ ತೋಟಗಳ ನಡುವಿನ ಒಂದು ಹಳ್ಳಿಯ ಪ್ರಾಥಮಿಕ ಶಾಲೆಗೆ ನಾನು ತಾತ್ಕಾಲಿಕ ಟೀಚರಾಗಿ ಸೇರಿದ್ದೆ. ನನ್ನನ್ನು ನೇಮಿಸಿದ್ದು ಊರಿನ ಶಾಲಾ ಸಮಿತಿ. ಬೇಡವೆಂದ ದಿನ ಕಳಿಸಿಬಿಡಬಹುದಾದ ಕೆಲಸ. ನನಗೆ ಒಂದನೇ ತರಗತಿ ಕೊಟ್ಟಿದ್ದರು. ನಮ್ಮದು ಎಷ್ಟೋ ತಲೆಮಾರುಗಳಿಂದ ಆ ಕಣಿವೆಯಲ್ಲೇ ಬೇಸಾಯ ಮಾಡಿಕೊಂಡಿರುವ ಕನ್ನಡದ ಮನೆ. ಮನೆಯಲ್ಲಿ ನಮ್ಮ ಮಾತು, ಹೊಸಿಲು ದಾಟಿದರೆ ತಮಿಳು. ಕನ್ನಡಕ್ಕೆ ಅಕ್ಷರಗಳಿವೆ ಎನ್ನುವುದು ಗೊತ್ತಿತ್ತು, ಅವು ಹೇಗಿರುತ್ತವೆ ಎನ್ನುವುದು ಗೊತ್ತಿರಲಿಲ್ಲ. ಅದನ್ನು ಕಲಿತದ್ದು ಮದುವೆಯಾಗಿ ಮೈಸೂರಿಗೆ ಬಂದ ಮೇಲೆ.

ಮೂರನೇ ತರಗತಿಯ ಟೀಚರ್ ದಿಂಡಿಗಲ್ಲಿನವರು. ಬೀಗ ಮಾಡುವವರ ಮನೆಯ ಮಗಳು, ತಮಿಳರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಮದುವೆಯಾಗಿರಲಿಲ್ಲ. ಕಂಬಂನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಷೇರ್ ಆಟೋದಲ್ಲಿ ಬರುತ್ತಿದ್ದರು. ಎತ್ತರದ ಹೆಂಗಸು. ಕಣಿವೆಯ ಗಾಳಿಗೆ ಸೆರಗು ಹಾರದ ಹಾಗೆ ಸೊಂಟಕ್ಕೆ ಬಿಗಿದು ಸಿಕ್ಕಿಸಿಕೊಂಡು, ಯಾರ ಜೊತೆಗೋ ಜಗಳಕ್ಕೆ ಹೊರಟವರ ಹಾಗೆ ನಡೆಯುತ್ತಿದ್ದರು. ಮಾತು ಮಾತ್ರ ಮೆದು. ನಮ್ಮಿಬ್ಬರ ಮಾತು ತಮಿಳಿನಲ್ಲೇ ನಡೆಯುತ್ತಿತ್ತು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆ ವರ್ಷ ಬೇಸಗೆಯಲ್ಲಿ ಶಿಕ್ಷಕರಿಗೆ ದಿಂಡಿಗಲ್ಲಿನಲ್ಲಿ ಒಂದು ತರಬೇತಿ ನಡೆದಿತ್ತು. ಅಲ್ಲಿ ಯಾರೋ ಒಬ್ಬ ವಯಸ್ಸಾದ ಉಪನ್ಯಾಸಕರು ಕ್ರಿಯಾ ಸಂಶೋಧನೆ ಎಂದರೇನು ಎಂದು ಹೇಳಿದ್ದರಂತೆ. ಮಿಕ್ಕವರೆಲ್ಲ ಊಟದ ಹೊತ್ತಿಗೆ ಕಾಯುತ್ತಿದ್ದರೆ ಇವರು ಮಾತ್ರ ಕೇಳಿಸಿಕೊಂಡು ಬಂದಿದ್ದರು. ಬಂದವರೇ ನನ್ನನ್ನು ಬೇವಿನ ಮರದ ಕೆಳಗೆ ಕೂರಿಸಿಕೊಂಡು, "ಅದೇನೂ ದೊಡ್ಡದಲ್ಲ ಕಣಮ್ಮ. ನನ್ನ ತರಗತಿಯಲ್ಲಿ ಏನೋ ಸರಿಯಿಲ್ಲ ಅಂತ ನನಗೇ ಅನ್ನಿಸಬೇಕು. ಒಂದನ್ನು ಬದಲಾಯಿಸಬೇಕು. ಏನಾಯಿತು ಅಂತ ಸುಳ್ಳು ಹೇಳದೆ ನೋಡಬೇಕು. ಆಗಲಿಲ್ಲವಾ, ಇನ್ನೊಂದು. ಆದರೆ ಶುರು ಮಾಡಬೇಕಾದದ್ದು ಮಕ್ಕಳಿಂದಲ್ಲ, ನನ್ನಿಂದ" ಎಂದರು.

ಅವರನ್ನು ಕೊರೆಯುತ್ತಿದ್ದದ್ದು ಗೋಡೆ ಸಾಲು. ತರಗತಿಯ ಎಡಗೋಡೆಗೆ ಒರಗಿ ಕೂರುವ ಮಕ್ಕಳು. ಎಲ್ಲ ಬೆಟ್ಟದ ಬುಡದ ಒಂದು ಹಟ್ಟಿಯವರು. ಮನೆಯಲ್ಲಿ ನಮ್ಮದೇ ಮಾತು ಆಡುವ ಕೂಲಿಯವರ ಮಕ್ಕಳು. ಅಮ್ಮಂದಿರು ತೋಟಗಳಲ್ಲಿ ಬಳ್ಳಿ ಸವರುತ್ತಿದ್ದರು. ಔಷಧಿ ಹೊಡೆಯುವ ಕಾಲದಲ್ಲಿ ಆ ಮಕ್ಕಳ ಬಟ್ಟೆಯ ಮೇಲೂ ಮೈಲುತುತ್ತದ ನೀಲಿ ಕಲೆ ಇರುತ್ತಿತ್ತು. ಅವರು ಬಾಯಿ ಬಿಡುತ್ತಿರಲಿಲ್ಲ. ಹೆಡ್‌ಮಾಸ್ಟರ ಪ್ರಕಾರ ಅವು ಮಂಕು ಮಕ್ಕಳು. "ಅವುಗಳ ತಲೆಗೆ ಹತ್ತಲ್ಲ, ಬಿಡಿ" ಎನ್ನುವುದು ಅವರ ಖಾಯಂ ಮಾತು.

ಟೀಚರ್ ಬಿಡಲಿಲ್ಲ. ನನಗೆ ಬಿಡುವಿದ್ದ ಅವಧಿಯಲ್ಲಿ ತರಗತಿಯ ಹಿಂದೆ ನನ್ನನ್ನು ಕೂರಿಸಿ, "ನಾನು ಯಾರಿಗೆ ಪ್ರಶ್ನೆ ಕೇಳುತ್ತೇನೆ, ಉತ್ತರಕ್ಕೆ ಎಷ್ಟು ಕಾಯುತ್ತೇನೆ, ಅದನ್ನಷ್ಟೇ ನೋಡು" ಎಂದರು. ನೋಡಿದೆ. ಕಿಟಕಿ ಕಡೆಯ ಮಕ್ಕಳನ್ನು ಕೇಳಿದಾಗ ಟೀಚರ್ ನಗುತ್ತ ಕಾಯುತ್ತಿದ್ದರು. ಗೋಡೆ ಕಡೆ ಕೇಳುವುದೇ ಅಪರೂಪ. ಕೇಳಿದರೂ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಂದಿನ ಮಗುವಿಗೆ ಹೋಗಿಬಿಡುತ್ತಿದ್ದರು. ಹಿರಿಯರಿಗೆ ಇದನ್ನು ಹೇಗೆ ಹೇಳುವುದು ಎಂದು ನಾನು ತಡವರಿಸಿದೆ. ಹೇಳಿದಾಗ ಅವರ ಮುಖ ಕೆಂಪಾಯಿತು. "ನಾನಾ?" ಎಂದರು. ಮಾರನೆಯ ದಿನ ಎಲ್ಲರನ್ನೂ ಕೇಳತೊಡಗಿದರು, ಎಲ್ಲರಿಗೂ ಕಾದರು. ಆದರೂ ಗೋಡೆ ಸಾಲು ಗೋಡೆಯ ಹಾಗೇ ಇತ್ತು. ಮಕ್ಕಳನ್ನು ಬೆರೆಸಿ ಕೂರಿಸಿ ನೋಡಿದರು. ಅದೂ ಆಗಲಿಲ್ಲ, ಮಧ್ಯಾಹ್ನದ ಹೊತ್ತಿಗೆ ಆ ಮಕ್ಕಳು ಮೆಲ್ಲಗೆ ಸರಿದು ಗೋಡೆ ಸೇರಿಕೊಂಡಿರುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ, ನಾನು ಹಿಂದೆ ಕೂತಿದ್ದಾಗಲೇ, ಅದು ನಡೆಯಿತು. ಗುಣಾಕಾರದ ಪಾಠ. ತಮಿಳಿನಲ್ಲಿ ಗುಣಿಸು ಎನ್ನುವುದಕ್ಕೆ 'ಪೆರುಕ್ಕು' ಎನ್ನುತ್ತಾರೆ. ಗುಡಿಸು ಎನ್ನುವುದಕ್ಕೂ ಅದೇ ಪದ. ಟೀಚರ್ ಹಲಗೆಯ ಮೇಲೆ ಆರು, ನಾಲ್ಕು ಎಂದು ಬರೆದು ಗೋಡೆ ಸಾಲಿನ ತುದಿಯ ಹುಡುಗಿಯತ್ತ ಕೈ ತೋರಿಸಿ, "ಪೆರುಕ್ಕು" ಎಂದರು. ಹುಡುಗಿ ಎದ್ದಳು. ಮೂಲೆಗೆ ಹೋದಳು. ಪೊರಕೆ ತೆಗೆದುಕೊಂಡು ಬಂದು ಹಲಗೆಯ ಕೆಳಗೆ ಗುಡಿಸತೊಡಗಿದಳು.

ತರಗತಿ ಹೋ ಎಂದು ನಕ್ಕಿತು. ಟೀಚರ್‌ಗೆ ಒಂದು ಕ್ಷಣ ಸಿಟ್ಟು ಬಂದದ್ದು ನನಗೆ ಕಂಡಿತು. ಆಮೇಲೆ ಅವರು ಹುಡುಗಿಯ ಮುಖ ನೋಡಿದರು. ಅಲ್ಲಿ ತುಂಟತನ ಇರಲಿಲ್ಲ. ಹೇಳಿದ ಕೆಲಸ ಮಾಡಿದೆನಲ್ಲ, ಯಾಕೆ ನಗುತ್ತಾರೆ ಎನ್ನುವ ಗಾಬರಿ ಇತ್ತು. ನನ್ನನ್ನು ಕರೆದು ಕೇಳು ಎಂದರು. ನಾನು ಬಗ್ಗಿ ನಮ್ಮ ಮಾತಿನಲ್ಲಿ ಕೇಳಿದೆ, "ಯಾಕ್ ಕಣ್ಣು ಪೊರ್ಕೆ ತಗಂಡೆ?"

"ಟೀಚರ್ ಗುಡ್ಸು ಅಂದ್ರಲ್ಲಕ್ಕಾ."

ನಾನು ತಮಿಳಿನಲ್ಲಿ ಹೇಳಿದೆ. ಟೀಚರ್ ಕುರ್ಚಿಯಲ್ಲಿ ಕುಸಿದು ಕೂತರು. ಆ ಶಾಲೆಯಲ್ಲಿ ದಿನವೂ ಕಸ ಗುಡಿಸುತ್ತಿದ್ದದ್ದು ಆ ಸಾಲಿನ ಹೆಣ್ಣುಮಕ್ಕಳು, ಮೂರೂ ವರ್ಷದಿಂದ. ಮಿಕ್ಕ ಮಕ್ಕಳು ಆಡುವಾಗ ಇವರು ಹೆಡ್‌ಮಾಸ್ಟರ ಕೋಣೆ, ವರಾಂಡ, ತರಗತಿ ಎಲ್ಲ ಗುಡಿಸಿ ನೀರು ಚಿಮುಕಿಸಬೇಕಾಗಿತ್ತು. ಎಲ್ಲರ ಕಣ್ಣೆದುರೇ ನಡೆಯುತ್ತಿತ್ತು. "ಮೂರು ವರ್ಷದಲ್ಲಿ ಈ ಶಾಲೆ ಈ ಮಗುವಿನ ಜೊತೆ ಆಡಿದ ಮಾತು ಇದೊಂದೇನಾ?" ಎಂದು ಟೀಚರ್ ಕೇಳಿದರು. ನನ್ನನ್ನು ಕೇಳಿದರೋ ತಮ್ಮನ್ನೇ ಕೇಳಿಕೊಂಡರೋ, ಗೊತ್ತಿಲ್ಲ. ಇಷ್ಟು ವರ್ಷವಾಯಿತು, ಆ ಮಾತು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಅವತ್ತಿನಿಂದ ಮೂರನೇ ತರಗತಿಯಲ್ಲಿ ಎರಡು ಬದಲಾದವು. ಮೊದಲನೆಯದು, ಎಲ್ಲರೂ ಸರದಿಯಲ್ಲಿ ಗುಡಿಸುವುದು. ಕಿಟಕಿ ಸಾಲಿನವರು, ಗಂಡುಹುಡುಗರು, ಟೀಚರ್ ಸೇರಿ. ಮೊದಲ ದಿನ ಸೆರಗು ಸಿಕ್ಕಿಸಿಕೊಂಡು ಅವರೇ ಗುಡಿಸಿದರು. ಎರಡನೆಯದು, ಲೆಕ್ಕವನ್ನು ಮೊದಲು ಮಕ್ಕಳು ಮನೆಯ ಮಾತಿನಲ್ಲೇ ಹೇಳಬಹುದು, ಆಮೇಲೆ ತಮಿಳು. ಅದಕ್ಕಾಗಿ ಅವರು ನಮ್ಮ ಮಾತು ಕಲಿಯತೊಡಗಿದರು. ನನ್ನಿಂದ ಸ್ವಲ್ಪ, ಮಕ್ಕಳಿಂದ ಬಹಳ. 'ಏಳು' ಎಂದರೆ ಸಂಖ್ಯೆಯೂ ಹೌದು, ಎದ್ದು ನಿಲ್ಲುವುದೂ ಹೌದು, ನಮ್ಮ ಆಡುಮಾತಿನಲ್ಲಿ ಹೇಳು ಎನ್ನುವುದೂ ಹೌದು ಎಂದು ತಿಳಿದ ದಿನ ತಲೆಯ ಮೇಲೆ ಕೈ ಹೊತ್ತುಕೊಂಡರು. ಅವರು ತಪ್ಪು ತಪ್ಪಾಗಿ ನುಡಿದರೆ ಗೋಡೆ ಸಾಲು ನಗುತ್ತಿತ್ತು. ನಗುತ್ತ ನಗುತ್ತ ತಿದ್ದುತ್ತಿತ್ತು. ಆ ಮಕ್ಕಳ ಧ್ವನಿ ಹೇಗಿದೆ ಎಂದು ಶಾಲೆಗೆ ಮೊದಲ ಸಲ ಗೊತ್ತಾದದ್ದು ಹಾಗೆ.

ಸುಲಭವಾಗಿ ಆಯಿತು ಎಂದುಕೊಳ್ಳಬೇಡಿ. ಕಿಟಕಿ ಸಾಲಿನ ಮಕ್ಕಳು ಬೇಸರಪಟ್ಟುಕೊಂಡರು, ಪಾಠ ಹಿಂದೆ ಬಿತ್ತು. ಆಗ ಟೀಚರ್ ಎರಡೂ ಸಾಲಿನವರನ್ನು ಜೋಡಿ ಮಾಡಿ, ಒಬ್ಬರು ತಮ್ಮ ಮಾತಿನಲ್ಲಿ ಹೇಳಿದ ಲೆಕ್ಕವನ್ನು ಇನ್ನೊಬ್ಬರು ಬಿಡಿಸಬೇಕು ಎಂದು ಮಾಡಿದರು. ಅದು ಹಿಡಿಯಿತು. ಪೊಂಗಲ್ ಹೊತ್ತಿಗೆ ಆ ಪೊರಕೆ ಹಿಡಿದ ಹುಡುಗಿ ಹಲಗೆಯ ಮುಂದೆ ನಿಂತು, "ಆರ್ ಗೊನೆ, ಒಂದೊಂದ್ರಾಗ ನಾಕ್ ಅಣ್ಣು, ಏಸಾತು?" ಎಂದು ಎಲ್ಲರನ್ನೂ ಕೇಳಿ, ತಾನೇ ತಮಿಳಿನಲ್ಲಿ ಉತ್ತರ ಹೇಳಿ, 'ಪೆರುಕ್ಕು' ಎಂದು ಬರೆದು, ಟೀಚರ್ ಕಡೆ ತಿರುಗಿ ನಕ್ಕಳು. ನಾನು ಅಲ್ಲಿದ್ದೆ. ಅದಕ್ಕಿಂತ ದೊಡ್ಡ ಸಂಶೋಧನೆಯನ್ನು ನಾನು ಇನ್ನೂ ಕಂಡಿಲ್ಲ.

ಆಮೇಲೆ ದಿಂಡಿಗಲ್ಲಿನಲ್ಲಿ ಸಭೆ. ಬೇಸಗೆಯಲ್ಲಿ ತರಬೇತಿ ಪಡೆದವರೆಲ್ಲ ಏನು ಮಾಡಿದೆವೆಂದು ಹೇಳಬೇಕಾಗಿತ್ತು. ಟೀಚರ್ ನನ್ನನ್ನೂ ಕರೆದುಕೊಂಡು ಹೋದರು. ಹೆಡ್‌ಮಾಸ್ಟರೂ ಬಂದಿದ್ದರು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು. ಒಬ್ಬರಾದ ಮೇಲೆ ಒಬ್ಬರು ಎದ್ದು ಮಕ್ಕಳ ಮೇಲೆ ದೂರು ಹೇಳಿದರು. ಮಕ್ಕಳಿಗೆ ಏಕಾಗ್ರತೆ ಇಲ್ಲ, ತಾಯ್ತಂದೆಗೆ ಓದು ಬರುವುದಿಲ್ಲ, ಊರು ಸರಿಯಿಲ್ಲ. ಟೀಚರ್ ಎದ್ದು ಮೊದಲ ಮಾತಿಗೇ, "ತಪ್ಪು ನನ್ನ ಪಾಠದಲ್ಲಿತ್ತು" ಎಂದರು. ಸಭೆ ತಟ್ಟನೆ ಎಚ್ಚರವಾಯಿತು. ಯಾರನ್ನು ಕೇಳುತ್ತಿರಲಿಲ್ಲ, ಯಾರಿಗೆ ಕಾಯುತ್ತಿರಲಿಲ್ಲ, ಯಾರ ಕೈಯಲ್ಲಿ ಪೊರಕೆ ಇತ್ತು, ಎಲ್ಲ ಹೇಳಿದರು. ಒಂದನ್ನೂ ಮುಚ್ಚಿಡಲಿಲ್ಲ.

ವೇದಿಕೆಯ ಮೇಲಿದ್ದ ಅಧಿಕಾರಿ ಮಕ್ಕಳು ಕಲಿತರಾ ಎಂದು ಕೇಳಲಿಲ್ಲ. "ನಿಮ್ಮ ಶಾಲೆಯಲ್ಲಿ ಮಕ್ಕಳ ಕೈಯಲ್ಲಿ ಕಸ ಗುಡಿಸುತ್ತೀರಾ? ಇದನ್ನು ಹೀಗೆ ಎಲ್ಲರ ಮುಂದೆ ಹೇಳುತ್ತೀರಾ? ಪೇಪರಿನವರಿಗೆ ಗೊತ್ತಾದರೆ ಯಾರಮ್ಮ ಉತ್ತರ ಕೊಡೋರು?" ಎಂದರು. ಹೆಡ್‌ಮಾಸ್ಟರ್ ಎದ್ದು ನಿಂತು ಬೆವರು ಒರೆಸಿಕೊಂಡರು. ನೋಡಿ, ಆ ಕೋಣೆಯಲ್ಲಿ ಒಂದು ಮಗು ಗುಣಾಕಾರ ಕಲಿತದ್ದು ಸುದ್ದಿಯಾಗಲಿಲ್ಲ. ದೊಡ್ಡವರ ಮರ್ಯಾದೆ ಹೋದದ್ದು ಸುದ್ದಿಯಾಯಿತು.

ವಾಪಸ್ಸು ಬಂದ ಮೇಲೆ ಹೆಡ್‌ಮಾಸ್ಟರ್ ಸಮಿತಿಯನ್ನು ಸೇರಿಸಿದರು. ಸಮಿತಿಯ ಅಧ್ಯಕ್ಷರು ದೊಡ್ಡ ತೋಟದ ಯಜಮಾನರು, ನಮ್ಮ ಮಾತಿನವರೇ. ಗೋಡೆ ಸಾಲಿನ ಅಮ್ಮಂದಿರಲ್ಲಿ ಅರ್ಧ ಜನ ಅವರ ತೋಟದಲ್ಲೇ ದುಡಿಯುತ್ತಿದ್ದರು. ಅವರಾದರೂ ಟೀಚರ್ ಪರ ನಿಲ್ಲುತ್ತಾರೆ ಎಂದು ನಾನು ನಂಬಿದ್ದೆ. ಅವರು ನನ್ನ ಕಡೆ ತಿರುಗಿ, "ನಮ್ ಮಾತು ಮನೇಲಿ ಇರ್ಲಿ ತಾಯಿ. ಪಳ್ಳಿಕೂಡಕ್ಕ ಅದು ಏತಕ್ಕ? ನಾಳೆ ಊರ್ ಜನ ಕನ್ನಡದೋರು ಕಲಹ ಮಾಡ್ತಾರೆ ಅಂತಾರೆ" ಎಂದರು. ಪಳ್ಳಿಕೂಡ ಎಂದರೆ ಶಾಲೆ. ಅವರ ಮಕ್ಕಳು ತೇನಿಯ ಇಂಗ್ಲಿಷ್ ಶಾಲೆಗೆ ವ್ಯಾನಿನಲ್ಲಿ ಹೋಗುತ್ತಿದ್ದರು.

ಟೀಚರ್ ಮೇಲೆ ದೂರು ತಯಾರಾಯಿತು. ತಮಿಳು ಶಾಲೆಯಲ್ಲಿ ಬೇರೆ ಭಾಷೆ ಕಲಿಸುತ್ತಾರೆ, ಪಾಠ ಮುಗಿಸುವುದಿಲ್ಲ, ಮಕ್ಕಳಿಗೆ ಹಿರಿಯರ ಮೇಲೆ ಗೌರವ ಇಲ್ಲದ ಹಾಗೆ ಮಾಡುತ್ತಾರೆ. ದಿಂಡಿಗಲ್ಲಿನ ತಮಿಳು ಹೆಣ್ಣುಮಗಳ ಮೇಲೆ ಕನ್ನಡ ಕಲಿಸಿದ ದೂರು! ನಮ್ಮ ಮಾತಿನಲ್ಲಿ ಅವರಿಗೆ ಬರುತ್ತಿದ್ದದ್ದೇ ಒಂದು ಹಿಡಿ ಪದ. ನಗಬೇಕೋ ಅಳಬೇಕೋ ನನಗೆ ಗೊತ್ತಾಗಲಿಲ್ಲ.

ಆ ಸಭೆಗೆ ಕರೆಯದೇ ಬಂದವಳು ಒಬ್ಬಳು, ಪೊರಕೆ ಹಿಡಿದ ಆ ಹುಡುಗಿಯ ಅಮ್ಮ. ತೋಟದಿಂದ ನೇರವಾಗಿ ಬಂದಿದ್ದಳು, ಸೊಂಟದಲ್ಲಿ ಬಳ್ಳಿ ಸವರುವ ಕತ್ತರಿ ಹಾಗೇ ಇತ್ತು. ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ. ಬಾಗಿಲಲ್ಲೇ ನಿಂತು ಯಜಮಾನರ ಕಡೆ ನೋಡಿ ಹೇಳಿದಳು:

"ಅಯ್ಯಾ, ಎನ್ ಮಗ್ಳು ಈಗ ಸಂತೇಲಿ ನನ್ ಕೈ ಹಿಡ್ಕಂಡು ಕಣಕ್ಕು ಏಳ್ತಾಳೆ. ಮುಂದ್ಲ ಮಾತೇ ಆಡ್ತಿರ್ಲಿಲ್ಲ. ಈಯಮ್ಮ ನಮ್ ಮಕ್ಳನ್ನ ಮಕ್ಳು ಅಂತ ನೋಡ್ದೋರು. ಅವ್ರ್ನ ಕಳಸ್ಬ್ಯಾಡ್ರಿ."

ಲೆಕ್ಕದ ಮಾತು ಕಿವಿಗೇ ಬೀಳದವರ ಹಾಗೆ ಯಜಮಾನರು, "ತೋಟದ ವೇಲೆ ಬಿಟ್ಟು ಇಲ್ಲಿಗೆ ಯಾಕ್ ಬಂದೆ? ಓಗು" ಎಂದರು. ಅವಳು ಹೋಗಲಿಲ್ಲ. ಸಭೆ ಮುಗಿಯುವ ತನಕ ಬಾಗಿಲಲ್ಲೇ ನಿಂತಿದ್ದಳು. ಮಾರನೆಯ ದಿನ ಅವಳಿಗೆ ಆ ತೋಟದಲ್ಲಿ ಕೆಲಸ ಇರಲಿಲ್ಲ.

ನಾನೂ ಎದ್ದು ಮಾತಾಡಿದೆ. ಕಂಡದ್ದನ್ನು ಕಂಡ ಹಾಗೆ ಹೇಳಿದೆ, ಧ್ವನಿ ಏರಿಸಿಯೇ ಹೇಳಿದೆ. ಹೆಡ್‌ಮಾಸ್ಟರ್ ಶಾಂತವಾಗಿ, "ನೀನು ನಾಳೆಯಿಂದ ಬರೋದು ಬೇಡಮ್ಮ" ಎಂದರು. ಟೀಚರ್‌ಗೆ ವರ್ಗದ ಆದೇಶ ಅದೇ ವಾರ ಬಂತು. ಪರೀಕ್ಷೆ ಎದುರಿಗಿತ್ತು, ಆದರೂ ಕಾಯಲಿಲ್ಲ. ಆಂಡಿಪಟ್ಟಿಯ ಆಚೆ, ಬಸ್ಸು ಇಳಿದು ಬಿಸಿಲಲ್ಲಿ ಬಹಳ ದೂರ ನಡೆಯಬೇಕಾದ ಒಂದು ಏಕೋಪಾಧ್ಯಾಯ ಶಾಲೆ. ಮಕ್ಕಳಿಗೆ ಹೇಳಿ ಹೋಗುತ್ತೇನೆ ಎಂದರು ಟೀಚರ್. ಹೆಡ್‌ಮಾಸ್ಟರ್ ತರಗತಿಯ ಬಾಗಿಲಿಗೂ ಬಿಡಲಿಲ್ಲ. ಅವರ ಸಾಮಾನು ಹೊತ್ತು, ಹೊಸ ಊರಿನ ತನಕ ನಾನು ಜೊತೆಗೆ ಹೋಗಿಬಂದೆ. ಬಸ್ಸಿನಲ್ಲಿ ಅವರು ಅಳಲಿಲ್ಲ. ಕಿಟಕಿಯಾಚೆ ಹಸಿರು ಮುಗಿದು ಒಣ ನೆಲ ಶುರುವಾದಾಗ ಮಾತ್ರ, "ಭಾಗಾಕಾರ ಇನ್ನೂ ಆಗಿರಲಿಲ್ಲ..." ಎಂದರು.

ಇನ್ನೂ ಕೇಳಿ. ಮುಂದಿನ ವರ್ಷ ಹೆಡ್‌ಮಾಸ್ಟರ್ ತಾವೇ ಒಂದು ಕ್ರಿಯಾ ಸಂಶೋಧನೆ ಬರೆದು ಒಪ್ಪಿಸಿದರಂತೆ. ವಿಷಯ, ಮಕ್ಕಳ ಪಾಲ್ಗೊಳ್ಳುವಿಕೆಯಿಂದ ಶಾಲೆಯ ಸ್ವಚ್ಛತೆ. ಪೊರಕೆ ಮತ್ತೆ ಗೋಡೆ ಸಾಲಿನ ಹೆಣ್ಣುಮಕ್ಕಳ ಕೈಗೆ ಬಂದಿತ್ತು, ಈ ಸಲ ಅದಕ್ಕೊಂದು ಒಳ್ಳೆಯ ಹೆಸರು ಇತ್ತು. ಅದೇ ದಿಂಡಿಗಲ್ಲಿನ ವೇದಿಕೆಯಲ್ಲಿ, ಅದೇ ಅಧಿಕಾರಿ ಅವರಿಗೆ ಶಾಲು ಹೊದಿಸಿದರು. ಆ ಶಾಲೆಯಲ್ಲೇ ಇದ್ದ ಇನ್ನೊಬ್ಬ ಟೀಚರ್ ಇದನ್ನು ನನಗೆ ನಗುತ್ತ ಹೇಳಿದರು. ನಾನು ನಗಲಿಲ್ಲ. ಮನೆಯಲ್ಲಿದ್ದ ಒಂದು ಹಿತ್ತಾಳೆ ಚೊಂಬು ಅವತ್ತು ನನ್ನ ಕೈಯಿಂದ ಹೋಗಿ ಗೋಡೆಗೆ ಅಪ್ಪಳಿಸಿತು. ಅಮ್ಮ ಗಾಬರಿಯಾದಳು.

ಮದುವೆಗೆ ಮುಂಚೆ ಒಂದು ಸಲ ಆಂಡಿಪಟ್ಟಿಯ ಆಚೆಯ ಆ ಶಾಲೆಗೆ ಹೋಗಿದ್ದೆ. ಟೀಚರ್ ಬಡವಾಗಿದ್ದರು, ಕಪ್ಪಾಗಿದ್ದರು. ಒಂದೇ ಕೋಣೆ, ಐದೂ ತರಗತಿ ಅಲ್ಲೇ. ಕುರಿ ಕಾಯುವವರ ಮಕ್ಕಳು ತಡವಾಗಿ ಬರುತ್ತಾರೆ ಎಂದು ಪಾಠ ಶುರು ಮಾಡುವ ಹೊತ್ತನ್ನೇ ಬದಲಿಸಿ ನೋಡುತ್ತಿದ್ದರು. "ಮೊದಲನೆಯದು ಆಗಲಿಲ್ಲ, ಎರಡನೆಯದು ನಡೀತಿದೆ" ಎಂದು ಉತ್ಸಾಹದಿಂದ ಹೇಳಿದರು. ಕಾಮಾಲೆ ಬಂದು ಹೋಗಿತ್ತು, ಅದನ್ನು ಕೇಳಿದ್ದಕ್ಕೆ ಹೇಳಿದರು, ತಾವಾಗಿ ಹೇಳಲಿಲ್ಲ. ಆ ಊರಿಗೆ ಡಾಕ್ಟರ್ ಇರಲಿಲ್ಲ. ಮರಳುವಾಗ ಬಸ್ಸಿನ ತನಕ ಬಂದು, "ಗೋಡೆ ಸಾಲು ಹೇಗಿದೆ?" ಎಂದು ಕೇಳಿದರು. ನಾನೂ ಅಲ್ಲಿಲ್ಲವಲ್ಲ ಎಂದೆ. "ಹೌದಲ್ಲ..." ಎಂದರು.

ಅವರು ತೀರಿಕೊಂಡ ಸುದ್ದಿ ನನಗೆ ಮೈಸೂರಿನಲ್ಲಿ ಸಿಕ್ಕಿತು, ಎಷ್ಟೋ ತಿಂಗಳು ತಡವಾಗಿ. ಕಾಮಾಲೆ ಮರುಕಳಿಸಿತ್ತಂತೆ. ಆಂಡಿಪಟ್ಟಿ ಆಸ್ಪತ್ರೆಗೆ ತಂದಾಗ ಹೊತ್ತು ಮೀರಿತ್ತಂತೆ. ವಯಸ್ಸು ನಲವತ್ತೂ ಆಗಿರಲಿಲ್ಲ. ಅದನ್ನು ವಿಧಿ ಎಂದರು ಕೆಲವರು. ನಾನು ಹಾಗೆ ಅನ್ನುವುದಿಲ್ಲ. ವಿಧಿಗೆ ರುಜು ಹಾಕಲು ಬರುವುದಿಲ್ಲ. ಅವರನ್ನು ಅಲ್ಲಿಗೆ ಕಳಿಸಿದ ಕಾಗದಕ್ಕೆ ರುಜು ಹಾಕಿದವರು ಇದ್ದರು.

ಜೆರಾಕ್ಸ್ ಅಂಗಡಿಯಿಂದ ಹಾಗೆ ಬಂದ ಕೆಲವು ದಿನಕ್ಕೆ ಅಣ್ಣನ ಮಗಳ ಮದುವೆಗೆಂದು ಕಂಬಂಗೆ ಹೋದೆ. ಅಡುಗೆಯವರ ಜೊತೆ ಬಡಿಸಲು ಬಂದಿದ್ದ ಒಬ್ಬ ಹೆಂಗಸು ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಹತ್ತಿರ ಬಂದು, "ಒಂದಾಂ ಕ್ಲಾಸ್ ಅಕ್ಕ ತಾನೇ ನೀವು?" ಎಂದಳು. ಮುಖ ನೋಡಿದ ಕೂಡಲೇ ಗುರುತು ಸಿಕ್ಕಿತು. ಗೋಡೆ ಸಾಲಿನ ತುದಿಯ ಹುಡುಗಿ. ಐದನೇ ತರಗತಿಗೇ ಶಾಲೆ ಬಿಟ್ಟಳಂತೆ. ಈಗ ಮಗನೊಬ್ಬ ಓದುತ್ತಿದ್ದಾನಂತೆ. ಕೈ ಒರೆಸಿಕೊಂಡು ಪಕ್ಕದಲ್ಲಿ ಕೂತು ಮೊದಲು ಕೇಳಿದ ಮಾತು, "ಟೀಚರ್ ಎಂಗವ್ರೆ?"

ಹೇಳಿದೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು:

"ಅಕ್ಕಾ, ನಾವ್ ಅಷ್ಟ್ ಮೊಂಡು ಮಕ್ಳಾ?"

ನನಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಟೀಚರ್ ಬಾರದೆ ಹೋದ ಮಾರನೆಯ ದಿನ ಹೆಡ್‌ಮಾಸ್ಟರ್ ಮೂರನೇ ತರಗತಿಗೆ ಬಂದು, ನಿಮ್ಮಂಥ ಮೊಂಡು ಮಕ್ಕಳಿಗೆ ಕಲಿಸಿ ಸಾಕಾಗಿ ಅವರೇ ಬೇಡವೆಂದು ಕೇಳಿಕೊಂಡು ಹೋದರು ಎಂದಿದ್ದರಂತೆ. ಗೋಡೆ ಸಾಲಿನ ಮಕ್ಕಳು ಅದನ್ನು ನಂಬಿದರು. ಅವಳ ಅಮ್ಮ ಆ ಸಭೆಯ ಮಾತನ್ನು ಮನೆಯಲ್ಲಿ ಎಂದೂ ಎತ್ತಿರಲಿಲ್ಲ. ಇಷ್ಟು ವರ್ಷ, ಮದುವೆಯಾಗಿ, ಮಕ್ಕಳಾಗಿ, ಅಮ್ಮಂದಿರನ್ನು ಕಳೆದುಕೊಂಡು, ಅದನ್ನೇ ನಂಬಿಕೊಂಡು ಬದುಕಿದರು.

ಮದುವೆ ಮನೆಯ ಗದ್ದಲದ ನಡುವೆ ನಾನು ಅವಳಿಗೆ ಎಲ್ಲವನ್ನೂ ಹೇಳಿದೆ. ದಿಂಡಿಗಲ್ಲಿನ ಸಭೆ, ಅವಳ ಅಮ್ಮ ಬಾಗಿಲಲ್ಲಿ ನಿಂತದ್ದು, ಟೀಚರನ್ನು ತರಗತಿಗೆ ಬಿಡದೆ ಕಳಿಸಿದ್ದು, ಬಸ್ಸು, ಅವರ ಕೊನೆಯ ಪ್ರಶ್ನೆ. ಹೇಳುತ್ತ ನನ್ನ ಧ್ವನಿ ಏರಿತು. ಊಟಕ್ಕೆ ಕೂತವರು ತಿರುಗಿ ನೋಡಿದರು. ನೋಡಲಿ ಎಂದು ಇನ್ನೂ ಜೋರಾಗಿ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು ಕೇಳಿಸಿಕೊಂಡಳು. ಕೊನೆಗೆ, "ನಾಳೆ ಹಟ್ಟಿಗ ಬಂದು ಮಿಕ್ಕೋರ್ಗೂ ಏಳಕ್ಕಾ" ಎಂದಳು.

ಮಾರನೆಯ ಬೆಳಿಗ್ಗೆ ಹಟ್ಟಿಗೆ ಹೋದೆ. ಗೋಡೆ ಸಾಲಿನಲ್ಲಿ ಉಳಿದವರು ಎಲ್ಲ ಬಂದಿರಲಿಲ್ಲ. ಕೆಲವರು ಕೇರಳಕ್ಕೆ ಕೂಲಿಗೆ ಹೋಗಿದ್ದರು, ಒಬ್ಬ ಸತ್ತಿದ್ದ. ಅವನಿಗೆ ಇನ್ನು ಹೇಳಲಾಗುವುದಿಲ್ಲ. ಬಂದವರಿಗೆ, ನಮ್ಮ ಮಾತಿನಲ್ಲೇ, ಮೊದಲಿನಿಂದ ಹೇಳಲು ಶುರು ಮಾಡಿದೆ.